ತರಂಗಂಬಾಡಿಯಲ್ಲಿ ಮರಿಯಾ ಡೊರೊಥೆಯಾಳ ಮನೆ ಹುಡುಕುತ್ತ

ಗುರುವಾರ

ಅರವತ್ತರ ಶಾಂತಿಗೆಂದು ತಮಿಳುನಾಡಿನ ತಿರುಕ್ಕಡೈಯೂರಿಗೆ ಹೋಗುವ ಕನ್ನಡಿಗರು ಸಾಮಾನ್ಯವಾಗಿ ಹೋಮ ಮುಗಿಸಿ, ವೈದೀಶ್ವರನ್ ಕೋಯಿಲನ್ನೋ ಚಿದಂಬರವನ್ನೋ ನೋಡಿಕೊಂಡು ರಾತ್ರಿಯ ರೈಲು ಹಿಡಿಯುತ್ತಾರೆ. ಅಲ್ಲಿಂದ ದಕ್ಷಿಣಕ್ಕೆ ಏಳೆಂಟು ಕಿಲೋಮೀಟರ್ ಹೋದರೆ ಸಿಗುವ ತರಂಗಂಬಾಡಿಯ ಕಡೆಗೆ ತಿರುಗುವವರು ಕಡಿಮೆ. ನಮ್ಮ ಭಾವನವರ ಷಷ್ಟ್ಯಬ್ದಿ ಜನವರಿಯ ಕೊನೆಯ ವಾರದಲ್ಲಿ ಅಲ್ಲಿಯೇ ನಿಶ್ಚಯವಾದಾಗ, ಮಿಕ್ಕ ನೆಂಟರನ್ನೆಲ್ಲ ಊರಿಗೆ ಕಳುಹಿಸಿ ನಾವಿಬ್ಬರು ಮಾತ್ರ ಆ ಕಡಲತಡಿಯ ಊರಿನಲ್ಲಿ ಕೆಲವು ದಿನ ಉಳಿಯುವುದೆಂದು ಮೊದಲೇ ಗೊತ್ತುಮಾಡಿಕೊಂಡಿದ್ದೆವು. ಮೈಸೂರಿನಿಂದ ಬೆಂಗಳೂರಿನ ಮೂಲಕ ಬರುವ ರಾತ್ರಿಯ ರೈಲು ಬೆಳಿಗ್ಗೆ ಮಯಿಲಾಡುತುರೈಯಲ್ಲಿ ಇಳಿಸುತ್ತದೆ. ಅಲ್ಲಿಂದ ಮುಂದಕ್ಕೆ ಬಸ್ಸು, ಆಟೋ ಎರಡೂ ಧಾರಾಳವಾಗಿ ಸಿಗುತ್ತವೆ.

ದೇವಸ್ಥಾನದ ಪ್ರಾಕಾರದಲ್ಲಿ ಒಂದೊಂದು ಕಂಬದ ಬುಡಕ್ಕೆ ಒಂದೊಂದು ಸಂಸಾರ ಕಲಶಗಳನ್ನು ಹರಡಿಕೊಂಡು ಕುಳಿತಿತ್ತು. ಮಾರ್ಕಂಡೇಯನಿಗಾಗಿ ಶಿವನು ಯಮನನ್ನು ಒದ್ದ ಸ್ಥಳವೆಂದು ಪ್ರತೀತಿಯಾದ್ದರಿಂದ, ಅರವತ್ತು, ಎಪ್ಪತ್ತು, ಎಂಬತ್ತು ದಾಟಿದ ದಂಪತಿಗಳು ಅಲ್ಲಿ ಮತ್ತೊಮ್ಮೆ ಹಾರ ಬದಲಿಸಿಕೊಳ್ಳುತ್ತಾರೆ, ಗಂಡ ಮತ್ತೊಮ್ಮೆ ತಾಳಿ ಕಟ್ಟುತ್ತಾನೆ. ಹೋಮದ ಹೊಗೆಗೆ ಕಣ್ಣು ಉರಿಯುತ್ತಿದ್ದ ಅಕ್ಕ, ಭಾವ ಮೂರನೆಯ ಗಂಟು ಹಾಕುವಾಗ ತಡಮಾಡಿದ್ದಕ್ಕೆ ಎಲ್ಲರೆದುರಿಗೇ ಗದರಿದಳು. ಊಟದ ಹೊತ್ತಿಗೆ ಮಧ್ಯಾಹ್ನ ಎರಡಾಗಿತ್ತು.

ತರಂಗಂಬಾಡಿಗೆ ಹೋಗಲು ನಮ್ಮಿಬ್ಬರ ಕಾರಣಗಳು ಬೇರೆಬೇರೆಯಾಗಿದ್ದವು. ನಮ್ಮ ಯಜಮಾನರು ಸೀಸದ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದ ಮುದ್ರಣಾಲಯವೊಂದರಲ್ಲಿ ಬೆಳೆದವರು. ತಮಿಳಿನ ಹೊಸ ಒಡಂಬಡಿಕೆ 1714–15ರಲ್ಲಿ ಅಚ್ಚಾದ ಊರನ್ನು ಒಮ್ಮೆ ನೋಡಬೇಕೆಂಬುದು ಅವರ ಬಹುದಿನದ ಆಸೆ. ಆ ಅನುವಾದವನ್ನು ಮಾಡಿದ ಬಾರ್ತೊಲೊಮಿಯಸ್ ಜೀಗನ್‌ಬಾಲ್ಗ್ ಎಂಬ ಜರ್ಮನ್ ಲೂಥರನ್ ಪಾದ್ರಿಯ ಬಗ್ಗೆ ನಾನೂ ಓದಿದ್ದೆ. ಆದರೆ ಓದಿದಷ್ಟೂ ನನ್ನನ್ನು ಕಾಡಿದವಳು, ಆತನ ಕೈಹಿಡಿದು 1716ರಲ್ಲಿ ಈ ಊರಿಗೆ ಬಂದ ಮರಿಯಾ ಡೊರೊಥೆಯಾ ಸಾಲ್ಟ್ಸ್‌ಮನ್. ಆಕೆಯ ಬಗ್ಗೆ ಪುಸ್ತಕಗಳು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತವೆ. ಭಾಷೆ ತಿಳಿಯದ, ಬಂದರಿಲ್ಲದ, ಉಪ್ಪುಗಾಳಿಯ ಊರಿನಲ್ಲಿ ಹೆಂಗಸೊಬ್ಬಳು ಮನೆ ಹೂಡಿದ್ದು ಹೇಗೆಂಬುದು ನನ್ನ ಕುತೂಹಲವಾಗಿತ್ತು.

ತಿರುಕ್ಕಡೈಯೂರಿನಿಂದ ಹೊರಟ ಆಟೋ ಸ್ವಲ್ಪ ದೂರದಲ್ಲಿಯೇ ನಿಂತಿತು. ಸಾಂಬಾ ಬೆಳೆಯ ಕೊಯ್ಲಿನ ಕಾಲವಾದ್ದರಿಂದ ಒಳರಸ್ತೆಯ ಅರ್ಧ ಭಾಗದಲ್ಲಿ ಭತ್ತ ಒಣಹಾಕಿದ್ದರು, ಉಳಿದರ್ಧದಲ್ಲಿ ಹುಲ್ಲು ಹರಡಿತ್ತು. ಆ ಹುಲ್ಲು ಹಿಂದಿನ ಚಕ್ರದ ಅಚ್ಚಿಗೆ ಸುತ್ತಿಕೊಂಡು ಸುಟ್ಟ ವಾಸನೆ ಬರತೊಡಗಿತ್ತು. ಚಾಲಕ ಕುಡುಗೋಲು ಕೇಳಿ ತಂದು ಹುಲ್ಲನ್ನು ಎಳೆಎಳೆಯಾಗಿ ಕತ್ತರಿಸುವಷ್ಟರಲ್ಲಿ, ಭತ್ತವನ್ನು ಕಾಲಿನಿಂದ ಸಾಲುಮಾಡುತ್ತಿದ್ದ ಹಿರಿಯರೊಬ್ಬರು ನಮ್ಮ ಊರು ವಿಚಾರಿಸಿದರು. ಕರ್ನಾಟಕವೆಂದು ತಿಳಿದ ಕೂಡಲೇ ಅವರು ಕೇಳಿದ ಪ್ರಶ್ನೆ ಒಂದೇ: "ಕೃಷ್ಣರಾಜಸಾಗರದಲ್ಲಿ ಈಗ ನೀರು ಎಷ್ಟಿದೆಯಮ್ಮಾ?" ನನಗೆ ತಿಳಿದಿರಲಿಲ್ಲ. ಅವರಿಗೆ ತಿಳಿದಿತ್ತು, ಅಡಿಯ ಲೆಕ್ಕದಲ್ಲಿ ಹೇಳಿದರು, ಮೇಟ್ಟೂರಿನ ಲೆಕ್ಕವನ್ನೂ ಸೇರಿಸಿದರು. ಮಾತಿನಲ್ಲಿ ಕಹಿಯಿರಲಿಲ್ಲ, ಆದರೆ ಕೊಯ್ಲಿನ ಹೊತ್ತಿಗೆ ಬಂದ ಅಕಾಲ ಮಳೆಯ ಬಗ್ಗೆ ಹೇಳುವಾಗ ದನಿ ಬದಲಾಯಿತು. ಹೊರಡುವಾಗ ಬೇಯಿಸಿದ ಪನಂಕಿಳಂಗಿನ ಕಟ್ಟೊಂದನ್ನು ಕೊಟ್ಟರು. ತಾಳೆಬೀಜವನ್ನು ಮಣ್ಣಿನಲ್ಲಿ ಹೂತು, ಕೆಳಗಿಳಿದ ಮೊಳಕೆಯನ್ನು ಕಿತ್ತು ಬೇಯಿಸಿದ ಈ ನಾರುಗೆಡ್ಡೆ ಪೊಂಗಲ್ ಹಬ್ಬದ ಆಸುಪಾಸಿನಲ್ಲಿ ಮಾತ್ರ ಸಿಗುತ್ತದೆ. ಸಿಪ್ಪೆ ಸುಲಿದು, ನಡುವಿನ ನಾರು ತೆಗೆದು, ತುಸು ಉಪ್ಪು ಮೆಣಸಿನೊಂದಿಗೆ ತಿಂದರೆ ರುಚಿ. ಆತುರಪಟ್ಟರೆ ಹಲ್ಲಿನ ಸಂದಿಗೆಲ್ಲ ನಾರು.

ಶುಕ್ರವಾರ

ಬೆಳಿಗ್ಗೆ ಹಳೆಯ ಊರಿನ ಬಾಗಿಲಿನಿಂದ ನಡಿಗೆ ಆರಂಭಿಸಿದೆವು. ಬಿಳಿಯ ಸುಣ್ಣ ಬಳಿದ ಈ ಬಾಗಿಲು 1792ರದು. ಅದನ್ನು ದಾಟಿದರೆ ನೇರವಾಗಿ ಕಡಲಿಗೆ ಹೋಗುವ ಕಿಂಗ್ಸ್ ಸ್ಟ್ರೀಟ್. ಎರಡೂ ಬದಿಗೆ ಎತ್ತರದ ಜಗುಲಿ, ದಪ್ಪ ಕಂಬಗಳ ಮನೆಗಳು, ಮುಂದೆ ಎದುರುಬದುರಿನಂತೆ ಎರಡು ಚರ್ಚುಗಳು. ತಂಜಾವೂರಿನ ರಘುನಾಥ ನಾಯಕನೊಂದಿಗೆ 1620ರಲ್ಲಿ ಮಾಡಿಕೊಂಡ ಒಪ್ಪಂದದಿಂದ ಈ ನೆಲ ಡೆನ್ಮಾರ್ಕಿನವರಾದ ಡೇನರ ಕೈಗೆ ಬಂದಿತು. ಮೆಣಸಿನ ವ್ಯಾಪಾರ ಅವರ ಗುರಿಯಾಗಿತ್ತು. 1845ರಲ್ಲಿ ಬಂಗಾಳದ ಸೆರಾಂಪುರವನ್ನೂ ಸೇರಿಸಿ ಹನ್ನೆರಡೂವರೆ ಲಕ್ಷ ರೂಪಾಯಿಗೆ ಇಂಗ್ಲಿಷರಿಗೆ ಮಾರಿ ಅವರು ಕೈತೊಳೆದುಕೊಂಡರು. ಕನ್ನಡಿಗರಿಗೆ ಸೆರಾಂಪುರದ ಹೆಸರು ಹೊಸದಲ್ಲ: ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಅಲ್ಲಿಯೇ. ಹೀಗೆ ತಮಿಳು, ಕನ್ನಡ ಎರಡರ ಮುದ್ರಣದ ಕಥೆಯಲ್ಲೂ ಡೆನ್ಮಾರ್ಕಿನ ಧ್ವಜದ ನೆರಳಿದೆಯೆಂದು ಯಜಮಾನರು ಅಂದು ಹಲವು ಬಾರಿ ಹೇಳಿದರು.

ಕೋಟೆಯ ಮ್ಯೂಸಿಯಂಗೆ ಶುಕ್ರವಾರ ರಜೆ. ಆದ್ದರಿಂದ ಆ ದಿನವನ್ನು ಚರ್ಚುಗಳಿಗೂ ಬೀದಿಗಳಿಗೂ ಮೀಸಲಿಡುವುದು ಅನುಕೂಲ. ಸೀಯೋನ್ ಚರ್ಚು 1701ರದು. ಅದು ವ್ಯಾಪಾರಿ ಕಂಪನಿಯ ಡೇನರಿಗಾಗಿ ಕಟ್ಟಿದ್ದು. ಅದರ ಹತ್ತಿರವೇ ಇರುವ ನ್ಯೂ ಜೆರೂಸಲೇಂ ಚರ್ಚಿನ ಅಡಿಗಲ್ಲನ್ನು ಜೀಗನ್‌ಬಾಲ್ಗ್ 1717ರಲ್ಲಿ ಇಟ್ಟು, 1718ರ ಅಕ್ಟೋಬರ್‌ನಲ್ಲಿ ಪ್ರತಿಷ್ಠೆ ಮಾಡಿದ. ಮುಂಭಾಗದಲ್ಲಿ ಡೆನ್ಮಾರ್ಕಿನ ದೊರೆ ನಾಲ್ಕನೆಯ ಫ್ರೆಡೆರಿಕ್‌ನ ಕಿರೀಟ ಮತ್ತು ಹೆಸರಿನ ಅಕ್ಷರಗಳ ಉಬ್ಬುಚಿತ್ರವಿದೆ. ಒಳಗೆ ಬಲಿಪೀಠದ ಬಳಿ ಜೀಗನ್‌ಬಾಲ್ಗ್‌ನ ಸಮಾಧಿ, ಆತನ ಸಹೋದ್ಯೋಗಿ ಗ್ರುಂಡ್ಲರ್‌ನ ಸಮಾಧಿ. ಪ್ರತಿಷ್ಠೆಯಾದ ನಾಲ್ಕೇ ತಿಂಗಳಿಗೆ, 1719ರ ಫೆಬ್ರವರಿ 23ರಂದು, ಮೂವತ್ತಾರನೆಯ ವಯಸ್ಸಿನಲ್ಲಿ ಆತ ಸತ್ತ. ಮರುವರ್ಷ ಗ್ರುಂಡ್ಲರ್ ಕೂಡ ಹೋದ.

ಚರ್ಚಿನ ಕಸ ಗುಡಿಸುತ್ತಿದ್ದ ಹೆಂಗಸು ನಮ್ಮನ್ನು ನೋಡಿ ಪೊರಕೆ ಬದಿಗಿಟ್ಟು ಬಂದು, ಕಲ್ಲಿನ ಮೇಲಿನ ಅಕ್ಷರಗಳ ಧೂಳನ್ನು ಸೆರಗಿನಿಂದ ಒರೆಸಿ ತೋರಿಸಿದಳು. "ಇದು ಸೀಗನ್‌ಬಾಲ್ಕ್ ಅಯ್ಯರ್" ಎಂದಳು. ಇಲ್ಲಿನ ಲೂಥರನ್ನರು ಪಾದ್ರಿಯನ್ನು ಅಯ್ಯರ್ ಎಂದೇ ಕರೆಯುತ್ತಾರೆ. "ಅವರ ಹೆಂಡತಿಯದು ಎಲ್ಲಿದೆ ಅಕ್ಕಾ?" ಎಂದು ಕೇಳಿದೆ. ಆಕೆ ಸ್ವಲ್ಪ ಯೋಚಿಸಿ, "ಅಯ್ಯರಮ್ಮ ಅವರ ಊರಿಗೇ ಹೊರಟುಹೋದರಲ್ಲ" ಎಂದಳು, ಹೋದವಾರ ಹೋದವರ ಸುದ್ದಿ ಹೇಳುವವಳ ಹಾಗೆ.

ಆಕೆ ಹೇಳಿದ್ದು ಸರಿ. ಗಂಡ ಸತ್ತ ಮೇಲೆ ಮರಿಯಾ ಡೊರೊಥೆಯಾ ಯೂರೋಪಿಗೆ ಮರಳಿದಳು. ಆಕೆ ಈ ಊರಿನಲ್ಲಿ ಸಂಸಾರ ಮಾಡಿದ್ದು ಮೂರು ವರ್ಷವೂ ತುಂಬದಷ್ಟು ಕಾಲ.

ಜೀಗನ್‌ಬಾಲ್ಗ್ ಮೊದಲ ಬಾರಿಗೆ ಇಲ್ಲಿ ಕಾಲಿಟ್ಟದ್ದು 1706ರ ಜುಲೈ 9ರಂದು, ಪ್ಲುಟ್ಷೌ ಎಂಬ ಜೊತೆಗಾರನೊಂದಿಗೆ. ದೊರೆಯೇ ಕಳುಹಿಸಿದ್ದರೂ ಕೋಟೆಯ ಮುಖ್ಯಸ್ಥ ಹಾಸಿಯಸ್‌ಗೆ ಇವರು ಬೇಡದ ಅತಿಥಿಗಳು. ಬಂದ ದಿನವೇ ಬಿಸಿಲಿನಲ್ಲಿ ಗಂಟೆಗಟ್ಟಲೆ ಕಾಯಿಸಿ, ಕೊನೆಗೆ ಬೀದಿಯಲ್ಲಿ ಬಿಟ್ಟುಹೋದ. ಬ್ರಹ್ಮಚಾರಿಯಾಗಿ ಕಳೆದ ಆ ಮೊದಲ ವರ್ಷಗಳ ದಿನಚರಿಯನ್ನು ಆತ ಪತ್ರದಲ್ಲಿ ಬರೆದಿಟ್ಟಿದ್ದಾನೆ. ಬೆಳಿಗ್ಗೆ ಧರ್ಮಬೋಧೆ, ಅನಂತರ ತಮಿಳಿನ ಪದಗಳ ಪುನರಾವರ್ತನೆ. ಎಂಟರಿಂದ ಮಧ್ಯಾಹ್ನದವರೆಗೆ ವೃದ್ಧ ಕವಿಯೊಬ್ಬನನ್ನೂ ಬರಹಗಾರನನ್ನೂ ಕೂರಿಸಿಕೊಂಡು ತಾನು ಹಿಂದೆಂದೂ ಓದದ ತಮಿಳು ಗ್ರಂಥಗಳ ಓದು. ಊಟ ಮಾಡುವಾಗಲೂ ಯಾರಾದರೂ ಓದಿ ಹೇಳುತ್ತಿರಬೇಕು. ಬಿಸಿಲಿನ ಕಾರಣದಿಂದ ಒಂದು ಗಂಟೆ ವಿಶ್ರಾಂತಿ, ಮತ್ತೆ ಓದು. ಅದಕ್ಕೂ ಮೊದಲು ಶಾಲೆಯ ಮಕ್ಕಳ ಸಾಲಿನಲ್ಲಿ ಕುಳಿತು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿದ್ದ. ಅಳಗಪ್ಪನ್ ಎಂಬ ದುಭಾಷಿ, ಡೇನಿಷ್, ಡಚ್, ಪೋರ್ಚುಗೀಸ್ ಎಲ್ಲ ಬಲ್ಲವನು, ಆತನಿಗೆ ಬಲಗೈಯಾಗಿದ್ದ.

ಈ ದಿನಚರಿಯಲ್ಲಿ ಅಡಿಗೆ ಮಾಡಿದವರು ಯಾರು, ಬಟ್ಟೆ ಒಗೆದವರು ಯಾರು ಎಂಬುದಿಲ್ಲ. ಅಂಥ ಮನೆಗೆ ಮದುವೆಯಾಗಿ ಬಂದವಳ ಪಾಡನ್ನು ಊಹಿಸಿಕೊಳ್ಳುತ್ತ ನಾನು ಬೀದಿಯುದ್ದಕ್ಕೂ ನಡೆದೆ. 1714ರಲ್ಲಿ ಯೂರೋಪಿಗೆ ಹೋದ ಆತ, ಮಲೈಯಪ್ಪನ್ ಎಂಬ ತಮಿಳು ತರುಣನನ್ನೂ ಕರೆದುಕೊಂಡು ಹೋಗಿ, ದಾರಿಯುದ್ದಕ್ಕೂ ಹಳೆಯ ಒಡಂಬಡಿಕೆಯ ಅನುವಾದ ಮುಂದುವರಿಸಿದ, ತಮಿಳು ವ್ಯಾಕರಣವನ್ನು ಲ್ಯಾಟಿನ್‌ನಲ್ಲಿ ಬರೆದು ಜರ್ಮನಿಯ ಹಾಲೆಯಲ್ಲಿ 1716ರಲ್ಲಿ ಅಚ್ಚು ಹಾಕಿಸಿದ, ಮದುವೆಯಾದ, ಲಂಡನ್ನಿಗೆ ಹೋಗಿ ದೊರೆ ಒಂದನೆಯ ಜಾರ್ಜನನ್ನು ಕಂಡ, ಹೆಂಡತಿಯೊಂದಿಗೆ ಹಡಗು ಹತ್ತಿ 1716ರ ಆಗಸ್ಟ್‌ನಲ್ಲಿ ಮದರಾಸಿಗೆ ಬಂದಿಳಿದು ಅಲ್ಲಿಂದ ತರಂಗಂಬಾಡಿ ಸೇರಿದ. ಮರಿಯಾಳ ಮದುವೆಯ ಮೊದಲ ತಿಂಗಳುಗಳು ಹಡಗಿನ ಮೇಲೆಯೇ ಕಳೆದವು.

ಜೀಗನ್‌ಬಾಲ್ಗ್ ಹೌಸ್ ಎಂಬ ಹೆಸರಿನಲ್ಲಿ 2017ರಲ್ಲಿ ತೆರೆದ ಮ್ಯೂಸಿಯಂನಲ್ಲಿ ಯಜಮಾನರು ಹಳೆಯ ಮಾದರಿಯ ಅಚ್ಚಿನ ಯಂತ್ರದ ಮುಂದೆ ನಿಂತವರು ಬಹಳ ಹೊತ್ತು ಅಲುಗಾಡಲಿಲ್ಲ. ನೋಡಿಕೊಳ್ಳುತ್ತಿದ್ದ ಹುಡುಗಿ ಯಂತ್ರದ ವಿವರಣೆ ಆರಂಭಿಸಿದಳು. ಐದು ನಿಮಿಷದಲ್ಲಿ ವಿವರಣೆ ಕೊಡುವವರು ಇವರಾಗಿ, ಕೇಳುವವಳು ಆಕೆಯಾದಳು. ಮೊಳೆಯನ್ನು ಕೈಯಲ್ಲಿ ಹಿಡಿಯುವ ಜೋಡಣೆಯ ಕಡ್ಡಿಯಲ್ಲಿ ತಲೆಕೆಳಗಾಗಿ ಜೋಡಿಸುವಾಗ ಎಡ ಹೆಬ್ಬೆರಳು ಹೇಗೆ ಅದನ್ನು ಒತ್ತಿಹಿಡಿಯಬೇಕೆಂದು ಇವರು ಖಾಲಿ ಕೈಯಲ್ಲಿಯೇ ತೋರಿಸಿದರು. ಐವತ್ತು ವರ್ಷದ ಹಿಂದಿನ ಆ ಅಭ್ಯಾಸದಿಂದ ಅವರ ಎಡ ಹೆಬ್ಬೆರಳಿನ ತುದಿ ಇಂದಿಗೂ ಸ್ವಲ್ಪ ಚಪ್ಪಟೆಯಾಗಿಯೇ ಇದೆ.

ರಾತ್ರಿ ಊಟಕ್ಕೆ ಹೊರಟಾಗ ಕೋಟೆಯೊಳಗಿನ ಊರು ಎಂಟು ಗಂಟೆಗೇ ಮಲಗಿತ್ತು. ಬಾಗಿಲಿನಿಂದ ಆಚೆ, ಬಸ್ಸು ನಿಲ್ಲುವ ಕಡೆಗೆ ಹೋದರೆ ಮಾತ್ರ ಮೆಸ್ಸುಗಳಿವೆ. ಅಲ್ಲಿ ಸುಂಡೆಕಾಯಿಯ ವತ್ತಕ್ಕುಳಂಬು ಮತ್ತು ಸುಟ್ಟ ಹಪ್ಪಳದೊಂದಿಗೆ ಬಿಸಿ ಅನ್ನ ಸಿಕ್ಕಿತು. ಕಡಲ ದಂಡೆಯ ಪಾರಂಪರಿಕ ಬಂಗಲೆಯಲ್ಲಿ ಉಳಿಯುವವರಿಗೆ ಊಟದ ಚಿಂತೆಯಿಲ್ಲ, ಬಾಡಿಗೆಯ ಚಿಂತೆಯಿದೆ. ನಾವು ಊರಿನ ಸಾಧಾರಣ ಕೋಣೆಯೊಂದರಲ್ಲಿದ್ದೆವು.

ಶನಿವಾರ

ಡಾನ್ಸ್‌ಬೋರ್ಗ್ ಕೋಟೆಯ ಮುಂದಿನ ಬಯಲಿನಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಚೆಂಡು ಆಗಾಗ ಕಡಲಿನ ಕಡೆಗೆ ಓಡುತ್ತಿತ್ತು. ಕೋಟೆ ಹೊರಗಿನಿಂದ ಕಾಣುವಷ್ಟು ದೊಡ್ಡದಲ್ಲ. ಕೆಳಗೆ ಉಗ್ರಾಣಗಳು, ಕತ್ತಲೆಯ ಕೋಣೆಗಳು. ಮೇಲೆ ಅಧಿಕಾರಿಗಳ ವಾಸದ ಕಮಾನುಗಳು, ಅಲ್ಲಿ ಈಗ ಪಿಂಗಾಣಿ ಚೂರುಗಳು, ನಕ್ಷೆಗಳು, ತಿಮಿಂಗಿಲದ ಎಲುಬು ಇತ್ಯಾದಿ. ಹಾಸಿಯಸ್‌ನೊಂದಿಗಿನ ಜಗಳ ಬೆಳೆದು 1708ರ ನವೆಂಬರ್‌ನಲ್ಲಿ ಜೀಗನ್‌ಬಾಲ್ಗ್‌ನನ್ನು ನಾಲ್ಕು ತಿಂಗಳು ಬಂಧಿಸಿಟ್ಟದ್ದು ಈ ಕೋಟೆಯಲ್ಲಿಯೇ. ಸೆರೆಮನೆಯ ಕೋಣೆಯಲ್ಲಿ ಬೆಳಗಿನ ಹತ್ತು ಗಂಟೆಗೇ ಸೆಕೆಯಿಂದ ಕೈಗೆ ಬೆವರಿಳಿಯಿತು. ಬೇಸಗೆಯಲ್ಲಿ ಬರುವ ಯೋಚನೆಯಿದ್ದವರು ಅದನ್ನು ಬಿಡುವುದೇ ಲೇಸು. ತಮಿಳರ ಐಪ್ಪಸಿ, ಕಾರ್ತಿಕ ಮಾಸಗಳ ಮಳೆ ನಿಂತ ಮೇಲೆ, ಜನವರಿ, ಫೆಬ್ರವರಿಯಲ್ಲಿ ಗಾಳಿ ಹಿತವಾಗಿರುತ್ತದೆ.

ಮೇಲಿನ ಕಮಾನಿನಿಂದ ನೋಡಿದಾಗ ಒಂದು ವಿಷಯ ಸ್ಪಷ್ಟವಾಯಿತು. ಇಲ್ಲಿ ಹಡಗು ತಂಗುವ ಕೊಲ್ಲಿಯಿಲ್ಲ, ಅಳಿವೆಯ ಆಸರೆಯಿಲ್ಲ. ಆಗಿನ ಹಡಗುಗಳು ದೂರದಲ್ಲಿ ಲಂಗರು ಹಾಕಿ, ಜನರನ್ನೂ ಪೆಟ್ಟಿಗೆಗಳನ್ನೂ ಹಲಗೆಗಳನ್ನು ಹಗ್ಗದಿಂದ ಹೊಲಿದ ದೋಣಿಗಳಲ್ಲಿ ತುಂಬಿ, ಒಡೆಯುವ ಅಲೆಗಳ ಮೂರು ನಾಲ್ಕು ಸಾಲನ್ನು ದಾಟಿಸಿ ದಡಕ್ಕೆ ತರುತ್ತಿದ್ದವು. ಯೂರೋಪಿನಿಂದ ತಂದ ಹಾಸಿಗೆ, ಪುಸ್ತಕ, ಪಾತ್ರೆಗಳೆಲ್ಲ ಹೀಗೆಯೇ ಒದ್ದೆಯಾಗಿ ಮನೆ ಸೇರಬೇಕಾಗಿತ್ತು. ದಂಡೆಯಲ್ಲಿ ಬಲೆ ಹೆಣೆಯುತ್ತಿದ್ದ ಮೀನುಗಾರರೊಬ್ಬರು, ಈಗ ಕಟ್ಟಿರುವ ಹೊಸ ಮೀನುಗಾರಿಕೆ ಬಂದರಿನ ಕಲ್ಲಿನ ಒಡ್ಡನ್ನು ತೋರಿಸಿ, ಅದಕ್ಕೂ ಮೊದಲು ತಮ್ಮ ದೋಣಿಯನ್ನು ಅಲೆ ದಾಟಿಸುವುದು ಪ್ರತಿದಿನದ ಪರೀಕ್ಷೆಯಾಗಿತ್ತೆಂದರು. 2004ರ ಡಿಸೆಂಬರ್ 26ರ ಸುನಾಮಿಯ ಮಾತು ಅವರಾಗಿಯೇ ತೆಗೆದರು, ಅವರಾಗಿಯೇ ನಿಲ್ಲಿಸಿದರು. ತಮ್ಮ ಮನೆ ಈಗ ದಂಡೆಯಿಂದ ಒಳಗಿದೆ, ಆದರೆ ನಿದ್ದೆ ಬರುವುದು ದಂಡೆಯಲ್ಲಿ ಎಂದಷ್ಟೇ ಹೇಳಿ ಮತ್ತೆ ನೈಲಾನ್ ದಾರವನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡರು.

ಕೋಟೆಯ ಉತ್ತರಕ್ಕೆ, ನೀರಿನ ಅಂಚಿನಲ್ಲಿಯೇ ಮಾಸಿಲಾಮಣಿನಾಥರ ದೇವಸ್ಥಾನವಿದೆ. ಮಾರವರ್ಮನ್ ಕುಲಶೇಖರ ಪಾಂಡ್ಯನ ಕಾಲದ, 1306ರ ಈ ಗುಡಿಯ ಮುಂಭಾಗವನ್ನು ಕಡಲು ನುಂಗಿತ್ತು. ಉಳಿದದ್ದನ್ನು ಈಚೆಗೆ ಜೀರ್ಣೋದ್ಧಾರ ಮಾಡಿ ಬಣ್ಣ ಬಳಿದಿದ್ದಾರೆ. ಬಣ್ಣ ನನಗೆ ಹಿಡಿಸಲಿಲ್ಲ. ಆದರೆ ಪೂಜೆ ನಡೆಯುವ ಗುಡಿ ಹಾಳುಸುರಿಯುವುದಕ್ಕಿಂತ ಬಣ್ಣವೇ ಮೇಲೆಂದು ಅರ್ಚಕರು ವಾದಿಸಿದಾಗ ಮರುಮಾತು ತೋಚಲಿಲ್ಲ.

ಈ ಗುಡಿಗಳ ದೇವರುಗಳ ಬಗ್ಗೆಯೂ ಜೀಗನ್‌ಬಾಲ್ಗ್ ಒಂದು ದೊಡ್ಡ ಗ್ರಂಥ ಬರೆದ. 1713ರಲ್ಲಿ ಮುಗಿದ ಹಸ್ತಪ್ರತಿ ಅಚ್ಚಾದದ್ದು 1867ರಲ್ಲಿ, ಮದರಾಸಿನಲ್ಲಿ. ಅನ್ಯಧರ್ಮವನ್ನು ಬೇರುಸಹಿತ ಕೀಳಲು ಕಳುಹಿಸಿದವನು ಅದರ ಕಥೆಗಳನ್ನು ಯೂರೋಪಿನಲ್ಲಿ ಹರಡುವುದೇಕೆ ಎಂಬ ಭಾವನೆ ಹಾಲೆಯಲ್ಲಿ ಆತನ ಗುರು ಫ್ರಾಂಕೆಯದಾಗಿತ್ತು. ಮತಾಂತರವೇ ಆತನ ಉದ್ದೇಶವೆಂಬುದನ್ನು ಮರೆಮಾಚಬೇಕಾಗಿಲ್ಲ. ಇಲ್ಲಿನ ಪೂಜೆಗಳನ್ನು ಆತ ತಪ್ಪೆಂದೇ ಬಗೆದಿದ್ದ. ಹಾಗಿದ್ದೂ, ತಪ್ಪೆಂದು ಬಗೆದದ್ದನ್ನು ಅಷ್ಟು ಶ್ರದ್ಧೆಯಿಂದ ಕೇಳಿ ಬರೆದುಕೊಳ್ಳುವವರು ಯಾವ ಕಾಲದಲ್ಲೂ ಹೆಚ್ಚಿರುವುದಿಲ್ಲ.

ಮಧ್ಯಾಹ್ನದ ಬಿಸಿಲಿಗೆ ಜಗುಲಿಯೊಂದರಲ್ಲಿ ಕುಳಿತಾಗ ಮಾತು ಶ್ವಾರ್ಟ್ಸ್‌ನ ಕಡೆಗೆ ಹೊರಳಿತು. 1750ರಲ್ಲಿ ತರಂಗಂಬಾಡಿಗೆ ಬಂದ ಈ ಲೂಥರನ್ ಮಿಷನರಿ 1779ರಲ್ಲಿ ಮದರಾಸಿನ ಸರ್ಕಾರದ ಪರವಾಗಿ ಶ್ರೀರಂಗಪಟ್ಟಣಕ್ಕೆ ಹೋಗಿ ಹೈದರಾಲಿಯೊಂದಿಗೆ ಮಾತುಕತೆ ನಡೆಸಿದ. ಇಂಗ್ಲಿಷರನ್ನು ನಂಬದ ಹೈದರ್ ಈತನನ್ನು ನಂಬಿದ. ಶ್ವಾರ್ಟ್ಸ್ ಮದುವೆಯಾಗಲಿಲ್ಲ, ಸುಮಾರು ಐವತ್ತು ವರ್ಷ ಈ ದೇಶದಲ್ಲಿಯೇ ಇದ್ದ. ಮಿಷನರಿಗೆ ಸಂಸಾರ ತಕ್ಕದ್ದಲ್ಲ ಎನ್ನುವುದಕ್ಕೆ ಅವನೇ ಸಾಕ್ಷಿ ಎಂದು ಯಜಮಾನರು ನಕ್ಕರು. ನಾನು ಒಪ್ಪಲಿಲ್ಲ.

ಭಾನುವಾರ

ನ್ಯೂ ಜೆರೂಸಲೇಂನಲ್ಲಿ ಆರಾಧನೆಗೆ ನಾವೂ ಹೋದೆವು. ಚಪ್ಪಲಿಗಳನ್ನು ಹೊರಗೆ ಬಿಟ್ಟು, ಹೆಂಗಸರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಒಳಗೆ ಬರುತ್ತಾರೆ. ಹೊರಗಿನವರು ಹಿಂದಿನ ಸಾಲಿನಲ್ಲಿ ಕುಳಿತು, ಫೋಟೋ ತೆಗೆಯುವ ಕೆಲಸವನ್ನು ಆರಾಧನೆಯ ನಂತರಕ್ಕೆ ಇಟ್ಟುಕೊಂಡರೆ ಯಾರ ಆಕ್ಷೇಪವೂ ಇರುವುದಿಲ್ಲ. ಜರ್ಮನ್ ರಾಗಗಳ ಕೀರ್ತನೆಗಳ ನಂತರ ಅಪ್ಪಟ ತಮಿಳು ರಾಗದ ಒಂದು ಹಾಡು ಬಂದಾಗ ಮುದುಕಿಯರ ದನಿ ಗಟ್ಟಿಯಾಯಿತು.

ಹೊರಗೆ ಬಂದ ಮೇಲೆ ನಿವೃತ್ತ ಶಿಕ್ಷಕಿಯೊಬ್ಬರು ನಮ್ಮನ್ನು ತಮ್ಮ ಮನೆಗೆ ಕರೆದರು. ಹಳೆಯ ಬೀದಿಯ ಆ ಮನೆಗೆ ಎರಡು ಮೊಳ ದಪ್ಪದ ಗೋಡೆಗಳು, ತೇಗದ ತೊಲೆಗಳ ಮೇಲೆ ಇಟ್ಟಿಗೆ ಮತ್ತು ಗಾರೆಯ ತಾರಸಿ. ಮರಿಯಾ ಡೊರೊಥೆಯಾಳ ಬಗ್ಗೆ ನಾನು ಕೇಳಿದಾಗ ಅವರು ಪುಸ್ತಕದ ಮಾತು ಆಡಲಿಲ್ಲ. ನನ್ನನ್ನು ನೇರವಾಗಿ ಅಡಿಗೆಮನೆಗೆ ಕರೆದುಕೊಂಡು ಹೋಗಿ ಗೋಡೆಯನ್ನು ಉಗುರಿನಿಂದ ಕೆರೆದು ತೋರಿಸಿದರು. ಸುಣ್ಣ ಹಿಟ್ಟಾಗಿ ಉದುರಿತು. ಉಪ್ಪುಗಾಳಿಗೆ ಪ್ರತಿವರ್ಷ ಹೀಗೆಯೇ ಆಗುತ್ತದೆ, ಪೊಂಗಲ್ ಹಬ್ಬಕ್ಕೆ ಸುಣ್ಣ ಬಳಿದರೆ ಮುಂದಿನ ಪೊಂಗಲ್ ಹೊತ್ತಿಗೆ ಇಟ್ಟಿಗೆ ಕಾಣುತ್ತದೆ. ಸಿಮೆಂಟು ಬಳಿದವರ ಮನೆಗಳಲ್ಲಿ ಗೋಡೆಯೇ ಹೊಟ್ಟೆ ಬಿಟ್ಟಿದೆ. ಬೀಗ ಆರು ತಿಂಗಳಿಗೆ ತುಕ್ಕು ಹಿಡಿಯುತ್ತದೆ. ಉಪ್ಪಿನ ಜಾಡಿ ನೀರೊಡೆಯುತ್ತದೆ, ಅಕ್ಕಿಗೆ ಹುಳು ಬೀಳುತ್ತದೆ, ಸೀರೆಗಳ ಮಡಿಕೆಯಲ್ಲಿ ಮುಗ್ಗಲು. ಹಿತ್ತಿಲಿನ ಬಾವಿಯ ನೀರು ಪಾತ್ರೆ ತೊಳೆಯಲು ಸರಿ, ಬೇಳೆ ಬೇಯುವುದಿಲ್ಲ. ಗಂಡನ ಅಜ್ಜಿಯ ಕಾಲದಲ್ಲಿ ಸಿಹಿನೀರನ್ನು ಊರಬಾಗಿಲಿನ ಆಚೆಯಿಂದ ಕೊಡದಲ್ಲಿ ಹೊರಿಸಿ ತರುತ್ತಿದ್ದರು. "ಮೂವತ್ತು ವರ್ಷದ ಹಿಂದೆ ಸೊಸೆಯಾಗಿ ಬಂದ ನನಗೇ ಈ ಮನೆಗೆ ಒಗ್ಗಿಕೊಳ್ಳಲು ಎರಡು ಮಳೆಗಾಲ ಬೇಕಾಯಿತು. ನಾನು ಬಂದದ್ದು ಕುಂಭಕೋಣದಿಂದ" ಎಂದರು.

ಆ ಮನೆಯ ಕಾಫಿ ಬಹಳ ಚೆನ್ನಾಗಿತ್ತು. ಹಬ್ಬದ ಮುರುಕ್ಕು ಇನ್ನೂ ಡಬ್ಬಿಯಲ್ಲಿತ್ತು, ಸ್ವಲ್ಪ ಮೆತ್ತಗಾಗಿತ್ತು. ಅದಕ್ಕೂ ಉಪ್ಪುಗಾಳಿಯೇ ಕಾರಣವೆಂದು ಅವರು ಮತ್ತೊಮ್ಮೆ ದೂರಿದರು.

ನಾನು ಹುಡುಕುತ್ತಿದ್ದದ್ದು ನನಗೆ ಸಿಕ್ಕಿದ್ದು ಆ ಅಡಿಗೆಮನೆಯಲ್ಲಿ. ಯಾವ ಮನೆಯಲ್ಲಿ ಆಕೆ ವಾಸವಾಗಿದ್ದಳೆಂದು ಬೊಟ್ಟುಮಾಡಿ ತೋರಿಸುವವರು ಯಾರೂ ಎದುರಾಗಲಿಲ್ಲ, ನಾವು ನೋಡಿದ ಫಲಕಗಳಲ್ಲಿ ಆಕೆಯ ಹೆಸರು ನನ್ನ ಕಣ್ಣಿಗೆ ಬೀಳಲಿಲ್ಲ. ಆದರೆ ಆ ಸಂಸಾರ ಎದುರಿಸಿದ ಊರು ಇದೇ. ಗೋಡೆ ಉದುರುತ್ತದೆ, ನೀರು ಹೊರಬೇಕು, ಮನೆಯ ತುಂಬ ಶಾಲೆಯ ಮಕ್ಕಳು, ಅನುವಾದಕ್ಕೆ ಬಂದ ಪಂಡಿತರು, ಚರ್ಚು ಕಟ್ಟುವ ಗಾರೆ ಕೆಲಸದವರು. ಆಕೆ ಬಂದ ವರ್ಷವೇ ಬೋಧಕರನ್ನು ತರಬೇತು ಮಾಡುವ ಶಾಲೆಯೂ ಆರಂಭವಾಯಿತು. ಇದೆಲ್ಲ ನಡೆಯುತ್ತಿರುವಾಗ ಕೋಪನ್‌ಹೇಗನ್‌ನ ಮಿಷನ್ ಮಂಡಳಿಯ ಕಾರ್ಯದರ್ಶಿ ಕ್ರಿಸ್ಟಿಯನ್ ವೆಂಟ್, ಕಟ್ಟಡ, ಶಾಲೆ, ಅಚ್ಚುಕೂಟಗಳಿಗೆ ಹಣ ಸುರಿಯುವುದು ಸಲ್ಲದು, ಯೇಸುವಿನ ಶಿಷ್ಯರಾದ ಅಪೊಸ್ತಲರಂತೆ ಬರಿಗೈಯಲ್ಲಿ ಊರೂರು ತಿರುಗಿ ಬೋಧಿಸಬೇಕು ಎಂಬ ಪಟ್ಟು ಹಿಡಿದಿದ್ದ. ಆತನ ಕಟುವಾದ ಪತ್ರಗಳು ಮೊದಲೇ ಕೃಶನಾಗಿದ್ದ ಜೀಗನ್‌ಬಾಲ್ಗ್‌ನನ್ನು ಇನ್ನಷ್ಟು ಕುಗ್ಗಿಸಿದವು.

ಸೋಮವಾರ

ಹೊರಡುವ ಮೊದಲು ಪೊರೆಯಾರ್‌ಗೆ ಹೋದೆವು. ತರಂಗಂಬಾಡಿಗೆ ಅಂಟಿಕೊಂಡಂತಿರುವ ಪೇಟೆ. ಇಲ್ಲಿ ಬಿಷಪ್ ಮಾಣಿಕ್ಕಂ ಅವರ ಹೆಸರಿನ ಲೂಥರನ್ ಕಾಲೇಜಿದೆ. ಯಜಮಾನರಿಗೆ ಬೇಕಾಗಿದ್ದದ್ದು 1715ರಲ್ಲಿ ಮಿಷನ್ ಇಲ್ಲಿ ಹೂಡಿದ ಕಾಗದದ ಕಾರ್ಖಾನೆಯ ಗುರುತು. ಲಂಡನ್ನಿನಿಂದ ಕಳುಹಿಸಿದ ಅಚ್ಚಿನ ಯಂತ್ರ ದಾರಿಯಲ್ಲಿ ಫ್ರೆಂಚರ ಕೈಗೆ ಸಿಕ್ಕ ಹಡಗಿನಲ್ಲಿತ್ತು. ಯಂತ್ರ ಉಳಿಯಿತು, ಜೊತೆಗೆ ಬರುತ್ತಿದ್ದ ಮುದ್ರಕ ದಾರಿಯಲ್ಲಿಯೇ ಸತ್ತ. ಅನಂತರ ಹಾಲೆಯಿಂದ ಬಂದ ತಮಿಳು ಮೊಳೆಗಳು ಬಹಳ ದೊಡ್ಡವು, ಕಾಗದವನ್ನು ಮಿತಿಮೀರಿ ತಿನ್ನುತ್ತಿದ್ದವು. ಆದ್ದರಿಂದ ಸಣ್ಣ ಮೊಳೆಗಳನ್ನು ಇಲ್ಲಿಯೇ ಎರಕ ಹೊಯ್ದರು. ಅದಕ್ಕೆ ಇಂಗ್ಲೆಂಡಿನಿಂದ ಬಂದ ಚೀಸಿನ ಡಬ್ಬಿಗಳ ಸೀಸವನ್ನೂ ಕರಗಿಸಿದರೆಂದು ಹೇಳುವುದುಂಟು. ಕಾಗದಕ್ಕೆ ಹಡಗನ್ನು ಕಾಯುತ್ತ ಕೂರಲಾಗದೆ ಕಾರ್ಖಾನೆಯನ್ನೂ ತೆರೆದರು, ಅದು ಹೆಚ್ಚು ಕಾಲ ನಡೆಯಲಿಲ್ಲ. ಚಹದಂಗಡಿಯಲ್ಲಿ ವಿಚಾರಿಸಿದರೆ, ಒಬ್ಬರು ಪಡುವಣಕ್ಕೆ ಕೈ ತೋರಿಸಿದರು, ಇನ್ನೊಬ್ಬರು ಮೂಡಣಕ್ಕೆ. ಮೂರನೆಯವರು 1980ರ ದಶಕದಲ್ಲಿ ನಿಂತುಹೋದ ಮಯಿಲಾಡುತುರೈ–ತರಂಗಂಬಾಡಿ ರೈಲಿನ ಕಥೆ ಆರಂಭಿಸಿ, ಆ ಮೀಟರ್ ಗೇಜ್ ಹಳಿ ಮತ್ತೆ ಬಂದೇ ಬರುತ್ತದೆಂದು ವಾದಿಸತೊಡಗಿದ್ದರಿಂದ ಕಾಗದದ ಮಾತು ಅಲ್ಲಿಗೆ ಬಿಟ್ಟುಹೋಯಿತು.

ಮಯಿಲಾಡುತುರೈಗೆ ಮರಳಲು ಸಿಕ್ಕಿದ್ದು ಸಾಮಾನ್ಯ ಟೌನ್ ಬಸ್ಸು. ತಮಿಳುನಾಡಿನಲ್ಲಿ ಇಂಥ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲ. ನಮ್ಮ ಶಕ್ತಿ ಯೋಜನೆಯಲ್ಲಿ ಕೇಳುವ ಹಾಗೆ ಗುರುತಿನ ಚೀಟಿಯನ್ನು ಕಂಡಕ್ಟರ್ ಕೇಳಲೂ ಇಲ್ಲ. ಹತ್ತುವವರೆಗೂ ನಾವು ವೆಂಟ್‌ನ ಬಗ್ಗೆಯೇ ವಾದಿಸುತ್ತಿದ್ದೆವು. ಅಷ್ಟು ದೂರದಿಂದ ಹಣ ಕಳುಹಿಸುವವನು ಲೆಕ್ಕ ಕೇಳುವುದು ನ್ಯಾಯವೇ, ಯಾವ ಮುದ್ರಣಾಲಯದ ಮಾಲೀಕನೂ ಕೇಳುತ್ತಾನೆ ಎಂಬುದು ಯಜಮಾನರ ನಿಲುವು. ಬರಿಗೈಯಲ್ಲಿ ತಿರುಗುವ ಅಪೊಸ್ತಲನನ್ನು ಬಯಸಿದವನು ಸುಣ್ಣ, ನೀರು, ಅಕ್ಕಿಯ ಲೆಕ್ಕವನ್ನು ಎಂದೂ ಹಿಡಿದಿರಲಿಲ್ಲ, ಹಿಡಿಯುವವಳು ಮರಿಯಾ ಆಗಿದ್ದಳು ಎಂಬುದು ನನ್ನದು. ಬಸ್ಸಿನೊಳಗೆ ನನಗೆ ಮುಂದೆ ಹೆಂಗಸರ ಸೀಟು ಸಿಕ್ಕಿತು; ಅವರು ಟಿಕೆಟ್ ತೆಗೆದುಕೊಂಡು, ಭತ್ತದ ಮೂಟೆಗಳ ನಡುವೆ ಹಿಂಬಾಗಿಲಿನ ಬಳಿ ಮಯಿಲಾಡುತುರೈವರೆಗೆ ನಿಂತೇ ಬಂದರು.